ನಾಲ್ಕು ಅಂಗಿ

ಸಲಾಮಿಸ್ ದ್ವೀಪ
ಪೊಸಿದಿಯೋನ್ ತಿಂಗಳು, ಹುಣ್ಣಿಮೆಯ ಮಾರನೆಯ ದಿನ

ಅರ್ಖಿಪ್ಪನ ಅಪ್ಪನವರಿಗೆ,

ಪತ್ರದ ಮೊದಲಿಗೆ ‘ಸಂತೋಷವಾಗಿರಿ’ ಎಂದು ಬರೆಯುವುದು ಎಲ್ಲರ ರೂಢಿ. ನಾನು ಬರೆಯುವುದಿಲ್ಲ. ನೀವು ಸಂತೋಷವಾಗಿರುವುದು ಸದ್ಯಕ್ಕೆ ನನಗೆ ಬೇಕಾಗಿಲ್ಲ.

ನಿಮ್ಮ ಮನೆ ಬಿಟ್ಟು ನಮ್ಮಪ್ಪನ ಮನೆಗೆ ಬಂದು ತಿಂಗಳಾಯಿತು. ಯಾಕೆ ಬಂದೆ ಎಂದು ಇಲ್ಲಿ ಯಾರೂ ನನ್ನನ್ನು ಕೇಳುವುದಿಲ್ಲ. ದಡದಲ್ಲಿ ಬಲೆ ಒಣಹಾಕುವವರಿಗೆಲ್ಲ ಅಮ್ಮನೇ ಹೇಳಿ ಮುಗಿಸಿದ್ದಾಳೆ. “ಅಳಿಯ ನಾಟಕಕ್ಕೆ ಮುಖವಾಡ ಮಾಡೋನು ಕಣ್ರಮ್ಮಾ. ತಂಗಿ ಮದುವೆಗೆ ಅಂತ ನನ್ನ ದೊಡ್ಡ ಮಗಳು ಬೇಸಿಗೆಯಿಡೀ ಕೂತು ಬಟ್ಟೆ ನೇಯ್ದಿದ್ಲು. ಆ ಮಹಾರಾಯ ಅದನ್ನ ಚರಚರ ಹರಿದು, ಸರೇಸಿನ ಅಂಟು ಬಳಿದು, ಹದಿನೈದು ಮುದುಕೀರ ಮುಖ ಮಾಡ್ಬಿಟ್ಟ!” ಎನ್ನುತ್ತಾಳೆ. ಕೇಳಿದವರು ಮೊದಲು ಅಯ್ಯೋ ಪಾಪ ಎನ್ನುತ್ತಾರೆ, ಆಮೇಲೆ ಮುಖ ತಿರುಗಿಸಿಕೊಂಡು ನಗುತ್ತಾರೆ. ನನಗಂತೂ ನಗು ಬಂದಿಲ್ಲ. ಹರಿದದ್ದಕ್ಕಿಂತಲೂ, ಹರಿದ ಮೇಲೆ ನೀವು “ಅವಸರ ಇತ್ತು ಕಣೇ, ನಾಟಕದ ಕಷ್ಟ ನಿನಗೇನು ಗೊತ್ತು” ಎಂದಿರಲ್ಲ, ಅದು ಹೊಟ್ಟೆಯಲ್ಲೇ ಕೂತಿದೆ.

ಬರುವಾಗ ನೂಲು ಬಿಗಿಯಾಗಿ ನಿಲ್ಲಲು ನನ್ನ ಮಗ್ಗಕ್ಕೆ ಕಟ್ಟುವ ಮಣ್ಣಿನ ಗುಂಡುಗಳನ್ನೂ ನಿಮ್ಮ ಸರೇಸಿನ ಗಡಿಗೆಯನ್ನೂ ತಂದಿದ್ದೇನೆ. ಗುಂಡು ನನ್ನವು. ಗಡಿಗೆ ಸೇಡಿಗೆ.

ಗಂಡನ ಮನೆ ಬಿಟ್ಟ ಹೆಂಗಸಿಗೆ ಮಕ್ಕಳ ಮೇಲೆ ಹಕ್ಕಿಲ್ಲ ಎಂಬುದು ನಮ್ಮ ಕಾನೂನು. ಗೊತ್ತಿದ್ದೇ ಬಂದೆ. ಆದರೆ ಕಣ್ಣಿಂದ ನೋಡಲೂಬಾರದು ಎಂದು ಯಾವ ಕಾನೂನೂ ಹೇಳಿಲ್ಲ. ಬರುವ ತಿಂಗಳು ತಂಗಿಯ ಮದುವೆ. ದೀವಟಿಗೆಯವರ ಮುಂದೆ ನಮ್ಮ ಹುಡುಗರಿಬ್ಬರು, ಅರ್ಖಿಪ್ಪ ಮತ್ತು ಪುಟ್ಟ ಸ್ಮಿಕ್ರ, ನಡೆಯಲಿ ಎಂದು ಅವಳಿಗೆ ಆಸೆ. ಅಂಬಿಗ ದೆಕ್ಸಿಯಸ್‌ನ ದೋಣಿಯಲ್ಲಿ ಕೂರಿಸಿ ಕಳಿಸಿ. ಮೂರು ದಿನ ಇಟ್ಟುಕೊಂಡು ವಾಪಸು ಕಳಿಸುತ್ತೇನೆ.

ಮಕ್ಕಳು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದಾರಾ?

ನಿಮ್ಮ ಮಕ್ಕಳ ತಾಯಿ,
ಮೆಲಿತ್ತ


ಅಥೆನ್ಸ್
ಗಾಮೆಲಿಯೋನ್ ತಿಂಗಳು, ಬಿದಿಗೆ

ಮೀಕಿಯೋನ್ ಮೆಲಿತ್ತಳಿಗೆ: ಸಂತೋಷವಾಗಿರು.

ರೂಢಿಗೆ ಬರೆದೆ, ಇನ್ನೇನೂ ಅಂದುಕೊಳ್ಳಬೇಡ.

ನಿನ್ನ ಪತ್ರ ಬಂದ ಮೇಣದ ಹಲಗೆಯನ್ನೇ ಕಾಯಿಸಿ, ಉಜ್ಜಿ, ಅದರ ಮೇಲೆ ಇದನ್ನು ಬರೆಯುತ್ತಿದ್ದೇನೆ. ನಿನ್ನ ಬೈಗುಳ ಅಳಿಸುವುದಕ್ಕೆ ಎರಡು ಸಲ ಕಾಯಿಸಬೇಕಾಯಿತು. ಮದುವೆಯಾದ ಹೊಸದರಲ್ಲಿ ಮುಖವಾಡದ ಒಳಮೈ ಮೇಲೆ ‘ರಾಜ’, ‘ದೂತ’ ಎಂದು ತಿದ್ದಿಸಿ ನಿನಗೆ ಅಕ್ಷರ ಕಲಿಸಿದವನು ನಾನು. ಈಗ ಗುರುವಿಗೇ ತಿರುಮಂತ್ರ.

ಮಕ್ಕಳನ್ನು ಕಳಿಸಲಾಗುವುದಿಲ್ಲ. ಸೇಡು ಎಂದುಕೊಂಡರೆ ಎಂದುಕೋ. ಆದರೆ ನಿಜವಾದ ಕಾರಣವೂ ಒಂದಿದೆ, ಕೇಳಿದರೆ ನಿನಗೂ ಹೆಮ್ಮೆಯಾದೀತು. ಕವಿ ಪೊಲಿಯುಕ್ತ ಮುದುಕಿಯರ ಮುಖವಾಡ ನೋಡಲು ಅಂಗಡಿಗೆ ಬಂದಿದ್ದ. ಬಹಳ ಮೆಚ್ಚಿದ. (ನಿನ್ನ ನೇಯ್ಗೆ ನಯವಾದದ್ದಕ್ಕೇ ಸುಕ್ಕುಗಳು ಅಷ್ಟು ಚೆನ್ನಾಗಿ ಬಂದದ್ದು.) ಹೊರಡುವಾಗ ಹೊಸ್ತಿಲ ಮೇಲೆ ಕೂತು ಅಂಜೂರ ತಿನ್ನುತ್ತಿದ್ದ ನಮ್ಮ ಹುಡುಗರನ್ನು ನೋಡಿ ಗಕ್ಕನೆ ನಿಂತ. “ಇವ್ರೇ! ಮೀಕಿಯೋನ್, ಇವ್ರನ್ನೇ ಕೊಲ್ಲೋಣ!” ಎಂದು ಕೂಗಿದ. ಸ್ಮಿಕ್ರ ಅಂಜೂರ ಬಿಸಾಕಿ ಕೊಟ್ಟಿಗೆಗೆ ಓಡಿದ.

ಅವನ ನಾಟಕದ ಕಥೆ ಹೀಗೆ: ರಾಜನ ಮೇಲೆ ಸಿಟ್ಟಾಗಿ ರಾಣಿ ತನ್ನ ತಂದೆಯ ಮನೆಗೆ ಹೋಗುತ್ತಾಳೆ. ಅವಳ ಹೊಟ್ಟೆ ಉರಿಸಬೇಕೆಂದು ರಾಜ ತನ್ನ ಇಬ್ಬರು ಗಂಡುಮಕ್ಕಳನ್ನು ತಾನೇ ಕೊಲ್ಲುತ್ತಾನೆ. ಮನ ಕಲಕುವ ಕಥೆ. ಬೇರೆ ಕವಿಗಳ ನಾಟಕಗಳ ಎದುರು ಎಲಾಫೆಬೋಲಿಯೋನ್ ತಿಂಗಳ ಹಬ್ಬದಲ್ಲಿ ಸ್ಪರ್ಧೆ. ಅಲ್ಲಿಯವರೆಗೆ ದಿನವೂ ತಾಲೀಮು, ಹುಡುಗರು ಊರು ಬಿಡುವ ಹಾಗಿಲ್ಲ.

ಗಡಿಗೆ ಕಳಿಸು. ಹತ್ತು ವರ್ಷ ಚರ್ಮ ಕುದಿಸಿ ಪಳಗಿಸಿದ ಗಡಿಗೆ ಅದು. ಹಿಟ್ಟಿನ ಗಂಜಿಯಲ್ಲಿ ಅಂಟಿಸಿದ ಮುಖಗಳು ಬಿರಿಯುತ್ತಿವೆ.

ಇಂತಿ, ಗಡಿಗೆಯ ಯಜಮಾನ,
ಮೀಕಿಯೋನ್


ಸಲಾಮಿಸ್
ಗಾಮೆಲಿಯೋನ್, ಹುಣ್ಣಿಮೆ ಕಳೆದು ಚೌತಿ

ಅರ್ಖಿಪ್ಪನ ಅಪ್ಪನವರಿಗೆ,

ಮದುವೆ ಆಯಿತು. ತಂಗಿ ಎರವಲು ಬಟ್ಟೆ ಉಟ್ಟಳು. ದೀವಟಿಗೆಯ ಮುಂದೆ ಪಕ್ಕದ ಮನೆಯವರ ಮಕ್ಕಳು ನಡೆದರು. ಒಬ್ಬ ದಾರಿಯಲ್ಲೇ ಉಚ್ಚೆ ಹೊಯ್ದುಕೊಂಡ. ನಮ್ಮ ಸ್ಮಿಕ್ರನಾಗಿದ್ದರೂ ಅದನ್ನೇ ಮಾಡುತ್ತಿದ್ದ, ಆದರೆ ಅವನು ನಮ್ಮವನಾಗಿರುತ್ತಿದ್ದ.

ನಿಮ್ಮ ನಾಟಕದ ಕಥೆಯನ್ನು ಅಪ್ಪನಿಗೆ ಓದಿ ಹೇಳಿದೆ. ಅಪ್ಪ ದೋಣಿಯ ಹುಟ್ಟು ಕೆತ್ತುತ್ತಿದ್ದವನು ಉಳಿ ಕೆಳಗಿಟ್ಟ. “ಹೆಂಡ್ತಿ ತವರಿಗೆ ಹೋದ್ಲು ಅಂತ ಗಂಡ ಮಕ್ಕಳ ಮೇಲೆ ಸೇಡು ತೀರಿಸ್ಕೋತಾನಾ? ಈ ಕಥೆ ಎಲ್ಲೋ ಕೇಳ್ದಂಗಿದೆಯಲ್ಲೇ ಮಗಳೇ” ಎಂದ.

“ಪತ್ರ ಬರೆದೋರಿಗೆ ಇನ್ನೂ ಗೊತ್ತಾಗಿಲ್ಲ ಅಪ್ಪ” ಎಂದೆ.

ಇಬ್ಬರೂ ನಕ್ಕೆವು. ನಿಮ್ಮ ಗಂಭೀರವಾದ ಅಕ್ಷರಗಳನ್ನು ನೋಡಿದಷ್ಟೂ ನಗು ಬರುತ್ತಿತ್ತು. ನಕ್ಕು ನಕ್ಕು ಕೊನೆಗೆ ನಾನು ಎದ್ದು ಹಿತ್ತಲಿಗೆ ಹೋಗಿ ಕಣ್ಣೊರೆಸಿಕೊಂಡು ಬಂದೆ.

ಒಂದು ವಿಷಯ ಹೇಳಿ. ಸ್ಮಿಕ್ರ ಕೋಳಿ ಕೊಯ್ದರೂ ನೋಡುವವನಲ್ಲ. ಅವನನ್ನು ಹೇಗೆ ಕೊಲ್ಲುತ್ತೀರಿ? ಕೊಲ್ಲುವಾಗ ಬಾಗಿಲ ಹಿಂದಿನಿಂದ ಕಿರುಚುವುದು ಯಾರು? ಅವನ ಕೈಲಿ ಕಿರುಚಿಸಿದರೆ ನಾನು ಈಜಿಕೊಂಡಾದರೂ ಬಂದು ಕವಿಯ ಜುಟ್ಟು ಹಿಡಿಯುತ್ತೇನೆ.

ಮದುವೆಯ ಎಳ್ಳು-ಜೇನಿನ ಉಂಡೆ ಕಳಿಸಿದ್ದೇನೆ. ಅಂಬಿಗ ತಿಂದು ಉಳಿದದ್ದು ಮಕ್ಕಳಿಗೆ. ಗಡಿಗೆ ಕೊಡುವುದಿಲ್ಲ. ಅಮ್ಮ ಅದರಲ್ಲಿ ಏಡಿ ಬೇಯಿಸಲು ಹೊರಟಿದ್ದಳು, ನಾನೇ ತಡೆದೆ. ಯಾಕೆ ತಡೆದೆನೋ ಗೊತ್ತಿಲ್ಲ.

ಮಕ್ಕಳು ಉಂಡರಾ? ಹೋದ ಸಲವೂ ಕೇಳಿದ್ದೆ.

ಮೆಲಿತ್ತ


ಅಥೆನ್ಸ್
ಆಂಥೆಸ್ತೆರಿಯೋನ್, ಹೊಸ ದ್ರಾಕ್ಷಾರಸದ ಹಬ್ಬ ಕಳೆದ ಮಾರನೆಯ ದಿನ

ಮೀಕಿಯೋನ್ ಮೆಲಿತ್ತಳಿಗೆ: ಸಂತೋಷವಾಗಿರು.

ನಿನ್ನ ಪತ್ರವನ್ನು ಉಜ್ಜಿ ಅದರ ಮೇಲೇ ಬರೆದಿದ್ದೇನೆ. ಕೊನೆಯ ಸಾಲನ್ನು ಮಾತ್ರ ಉಜ್ಜಿಲ್ಲ, ನೋಡು, ಕೆಳಗೆ ಹಾಗೇ ಇದೆ. ಉತ್ತರ: ಉಂಡರು. ಬಾರ್ಲಿ ರೊಟ್ಟಿ, ಬೇಳೆ ಸಾರು. ಸಾರು ಸೀದಿತ್ತು. ಸ್ಮಿಕ್ರ ಎರಡು ಸಲ ಹಾಕಿಸಿಕೊಂಡ, ಅರ್ಖಿಪ್ಪ ನನ್ನ ಮುಖ ನೋಡಿಕೊಂಡು ಒಂದು ಸಲ.

ಹೆದರಬೇಡ, ಅವರ ಕೈಲಿ ಕಿರುಚಿಸುವುದಿಲ್ಲ. ರಂಗದ ಮೇಲೆ ಮಕ್ಕಳು ಬಾಯಿ ಬಿಡಬಾರದೆಂಬುದು ನಮ್ಮ ನಾಟಕದ ಪದ್ಧತಿ. ರಾಜ ಇಬ್ಬರನ್ನೂ ಒಳಗೆ ಕರೆದೊಯ್ಯುತ್ತಾನೆ. ಬಾಗಿಲು ಮುಚ್ಚುತ್ತದೆ. ಒಳಗೆ ನಮ್ಮ ದಪ್ಪ ನಟ ಟೆಲೆಸಿಯಸ್ ಎರಡು ಕಂಠದಲ್ಲಿ ತಾನೊಬ್ಬನೇ ಅಳುತ್ತಾನೆ. ಆಮೇಲೆ ಬಾಗಿಲು ತೆರೆದು, ಗಾಲಿಯ ಹಲಗೆಯ ಮೇಲೆ ಎರಡು ಗೊಂಬೆಗಳನ್ನು ಹೆಣಗಳೆಂದು ಹೊರಗೆ ತಳ್ಳುತ್ತಾರೆ. ಅಷ್ಟೇ. ಮೊನ್ನೆ ಸ್ಮಿಕ್ರ ಟೆಲೆಸಿಯಸ್‌ನ ಹೊಟ್ಟೆಗೆ ಬೆರಳಿಂದ ತಿವಿದು, “ಮಾಮಾ, ನಾನ್ ಹಂಗ್ ಅಳಲ್ಲ. ಮೊದ್ಲು ಮೂಗು ಎಳೀತೀನಿ, ಆಮೇಲೆ ಅಳ್ತೀನಿ” ಎಂದು ತೋರಿಸಿಕೊಟ್ಟ. ಈಗ ಆ ಮಹಾನಟ ಮೊದಲು ಮೂಗು ಎಳೆಯುತ್ತಾನೆ. ತಾಲೀಮು ನೋಡುವ ಬಡಗಿಗಳು ಕಣ್ಣೊರೆಸಿಕೊಳ್ಳುತ್ತಾರೆ.

ಹುಡುಗರಿಗೆ ಸಾಯುವುದೆಂದರೆ ಹಬ್ಬವಾಗಿದೆ. ಬೆಳಗಾಗೆದ್ದು “ಇವತ್ತೂ ಸಾಯಕ್ಕೆ ಹೋಗೋಣ್ವಾ ಅಪ್ಪಾ?” ಎನ್ನುತ್ತಾನೆ ಸಣ್ಣವನು. ಬೀದಿಯ ಮಕ್ಕಳೆಲ್ಲ ಸೇರಿ ಸಾಯುವ ಆಟ ಆಡುತ್ತವೆ. ಕುಂಬಾರನ ಕತ್ತೆಯನ್ನು ಕೂಡ ನಿನ್ನೆ ಕೊಂದರು. ಅದು ನಿಂತಲ್ಲೇ ಹುಲ್ಲು ಮೇಯುತ್ತ ಸತ್ತಿತು.

ಇಷ್ಟೆಲ್ಲ ಬರೆದು ಮುಖ್ಯವಾದದ್ದನ್ನು ಬಿಡುತ್ತಿದ್ದೇನೆ. ನಿನ್ನೆ ಊಟಕ್ಕೆ ಕೂತಾಗ ಸ್ಮಿಕ್ರ ಕೇಳಿದ: “ಅಪ್ಪಾ, ಆ ರಾಜ ನಮ್ಮನ್ನ ಯಾಕೆ ಕೊಲ್ತಾನೆ?”

“ರಾಣಿಗೆ ನೋವಾಗ್ಲಿ ಅಂತ.”

“ರಾಣಿ ಮೇಲೆ ಸಿಟ್ಟಿದ್ರೆ ರಾಣಿ ಹತ್ರ ಜಗಳ ಆಡ್ಲಿ. ನಾವೇನ್ ಮಾಡಿದ್ವಿ?”

“ಸುಮ್ನಿರೋ, ಕಥೆ ಕಣೋ ಅದು” ಎಂದು ಅರ್ಖಿಪ್ಪ ಗದರಿಸಿದ. ಗದರಿಸಿ ಅವನೂ ನನ್ನ ಕಡೆ ನೋಡಿದ. ಕವಿಯನ್ನು ಕೇಳಿ ಹೇಳುತ್ತೇನೆ ಎಂದೆ. ಇವತ್ತು ಕವಿಯನ್ನು ಕೇಳಿದೆ. ಕವಿ ಆಕಾಶ ನೋಡಿದ.

ಗೊಂಬೆಗಳ ಮೈ ಆಗಿದೆ, ಒಳಗೆ ಒಣಹುಲ್ಲು ತುಂಬಿದ್ದೇನೆ. ಮುಖ ಮಾತ್ರ ಆಗಿಲ್ಲ. ಸತ್ತ ಮುಖ ಎಷ್ಟು ಮಾಡಿಲ್ಲ ನಾನು! ರಾಜರು, ದೊರೆಮಕ್ಕಳು, ಹಾವು ಕಚ್ಚಿದವರು. ಈ ಎರಡಕ್ಕೆ ಕೈ ಏಳುತ್ತಿಲ್ಲ. ಅಂಟು ಸರಿಯಿಲ್ಲ ಎಂದು ಎಲ್ಲರಿಗೂ ಹೇಳಿ ನಾಳೆ ನಾಡಿದ್ದು ಎಂದು ದೂಡುತ್ತಿದ್ದೇನೆ. ಮಗ್ಗ ನಿಂತಿರುವುದರಿಂದ ಹೊಸ ಬಟ್ಟೆಯೂ ಇಲ್ಲ. ನೀನು ನೇಯ್ದ ಕೇಸರಿ ಅಂಚಿನ ಅಂಗಿಗಳನ್ನೇ ಹುಡುಗರು ಹಾಕುತ್ತಾರೆ. ಒಳಗೆ ಹೋದೊಡನೆ ಅವನ್ನು ಬಿಚ್ಚಿ ಗೊಂಬೆಗಳಿಗೆ ತೊಡಿಸಿ, ಮೇಲೆ ಒಂದಿಷ್ಟು ಕೆಂಪು ಮಣ್ಣಿನ ನೀರು ಎರಚುವುದು ಎಂದು ಗೊತ್ತುಮಾಡಿದ್ದೇವೆ.

ಗಡಿಗೆಯನ್ನು ನೀನೇ ಹೊತ್ತು ತಂದರೂ ಬೇಡ ಎನ್ನುವುದಿಲ್ಲ.

ಮೀಕಿಯೋನ್

(ಮಕ್ಕಳು ಉಂಡರಾ? ಹೋದ ಸಲವೂ ಕೇಳಿದ್ದೆ.)


ಒಡೆದ ಹೂಜಿಯ ಚೂರಿನ ಮೇಲೆ ಗೀಚಿದ್ದು
ಅಥೆನ್ಸ್, ಆಂಥೆಸ್ತೆರಿಯೋನ್ ಮುಗಿಯುವ ಹೊತ್ತಿಗೆ

ಅಮ್ಮಾ,

ಚೂರು ಸಣ್ಣದು, ಅದಕ್ಕೆ ಸ್ವಲ್ಪವೇ ಬರೆಯುತ್ತೇನೆ. ಅಪ್ಪ ಅಂಗಡಿಯಲ್ಲಿ ಮುಖವಿಲ್ಲದ ಗೊಂಬೆಗಳ ಜೊತೆ ಮಾತಾಡುತ್ತಾನೆ. ನಾನು ಕದ್ದು ಕೇಳಿದೆ. “ನಾನೇನ್ ಕೊಲ್ತಿಲ್ಲ ಕಣ್ರೋ” ಎನ್ನುತ್ತಿದ್ದ. ಹೆಂಗಸರು ರಂಗದ ಎದುರಿನ ಗುಡ್ಡದಲ್ಲಿ ಎಲ್ಲರಿಗಿಂತ ಮೇಲೆ, ಆಲಿವ್ ಮರದ ಹತ್ತಿರ ಕೂರಬಹುದಂತೆ. ರಂಗದ ಮೇಲೆ ಬಲಗಡೆ ನಿಲ್ಲುವವನು ನಾನು. ಸ್ಮಿಕ್ರನಿಗೆ ನಿನ್ನ ಮುಖ ಮರೆತಿಲ್ಲ, ದಿನಾ ನಾನೇ ನೆನಪು ಮಾಡಿಸುತ್ತೇನೆ.

ಅರ್ಖಿಪ್ಪ


ಸಲಾಮಿಸ್
ಎಲಾಫೆಬೋಲಿಯೋನ್, ಪಾಡ್ಯ

ಅರ್ಖಿಪ್ಪನ ಅಪ್ಪನವರಿಗೆ,

‘ತಂದರೂ ಬೇಡ ಎನ್ನುವುದಿಲ್ಲ’ ಎಂಬುದು ಕರೆಯುವ ರೀತಿಯಲ್ಲ. ಕರೆಯದ ಮನೆಗೆ ಬರುವವಳು ನಾನಲ್ಲ. ನಾನು ಬರುವುದಿಲ್ಲ. ಗಡಿಗೆಯೂ ಬರುವುದಿಲ್ಲ. ನಾಟಕ ನೋಡುವ ಆಸೆಯೂ ನನಗಿಲ್ಲ.

ಗೊಂಬೆಗಳಿಗೆ ಮುಖ ಮಾಡುವಾಗ ಸ್ಮಿಕ್ರನ ಎಡಗೆನ್ನೆಯ ಗುಳಿ ಮರೆಯಬೇಡಿ. ಇಲ್ಲ, ಬೇಡ. ಮರೆತುಬಿಡಿ.

ಮೆಲಿತ್ತ


ಅಥೆನ್ಸ್
ಎಲಾಫೆಬೋಲಿಯೋನ್, ಹುಣ್ಣಿಮೆ

ಮೀಕಿಯೋನ್ ತನ್ನ ಮಾವನವರಿಗೆ: ಸಂತೋಷವಾಗಿರಿ. ಈ ಸಲ ರೂಢಿಗಲ್ಲ, ಮನಸ್ಸಿನಿಂದಲೇ ಬರೆದಿದ್ದೇನೆ.

ಬಂದರಿನ ಸಂತೆಯಲ್ಲಿ ಉಪ್ಪುಮೀನು ಮಾರಿ ಸಂಜೆಗೆ ಬರುತ್ತೇನೆಂದು ಹೊರಟ ಮಗಳು ಇನ್ನೂ ಬಂದಿಲ್ಲ, ಉಪ್ಪುಮೀನಿನ ಬದಲು ಸರೇಸಿನ ಗಡಿಗೆ ಕಾಣೆಯಾಗಿದೆ ಎಂದು ಅಂಬಿಗನ ಕೈಲಿ ಹೇಳಿ ಕಳಿಸಿದ್ದೀರಿ. ಗಾಬರಿಯಾಗಬೇಡಿ. ಎರಡೂ ಇಲ್ಲೇ ಇವೆ.

ನಾಟಕದ ದಿನ ಬೆಳಗಿನವರೆಗೂ ಗೊಂಬೆಗಳಿಗೆ ಮುಖವಿರಲಿಲ್ಲ. ಕವಿ ಬಾಗಿಲು ಬಡಿಯುತ್ತಿದ್ದ. ಕೊನೆಗೆ ಹಲ್ಲು ಕಚ್ಚಿ ಮಾಡಿ ಮುಗಿಸಿದೆ. ಹೀಗಾಗಿ ತಾಲೀಮಿನಲ್ಲಿ ಒಂದು ದಿನವೂ ಆ ಗೊಂಬೆಗಳು ಅಂಗಿ ತೊಟ್ಟು ಗಾಲಿ ಹಲಗೆಯ ಮೇಲೆ ಬಂದದ್ದನ್ನು ಹುಡುಗರು ನೋಡಿರಲಿಲ್ಲ. ಎಲ್ಲ ಅನರ್ಥಕ್ಕೂ, ಈಗ ಅನರ್ಥ ಎನ್ನಲು ನಾಲಿಗೆ ಬರುವುದಿಲ್ಲ, ಇದೇ ಮೂಲ.

ಊರಿಗೆ ಊರೇ ಗುಡ್ಡದ ಮೇಲೆ ಕೂತಿತ್ತು. ನಿಮ್ಮ ಮಗಳ ಬಟ್ಟೆಯ ಮುಖವಾಡ ತೊಟ್ಟ ಮೇಳದ ಹದಿನೈದು ಮುದುಕಿಯರು ಎದೆ ಬಡಿದುಕೊಂಡು ಹಾಡಿದರು. ನಮ್ಮ ಹುಡುಗರು ಬಾಯಿ ಹೊಲಿದವರಂತೆ ನಿಂತರು, ಒಳಗೆ ನಡೆದರು, ಬಾಗಿಲು ಮುಚ್ಚಿತು. ಒಳಗೆ ನಾನು ಅವಸರದಲ್ಲಿ ಅಂಗಿ ಬಿಚ್ಚಿಸಿ ಗೊಂಬೆಗಳಿಗೆ ತೊಡಿಸುತ್ತಿದ್ದೆ. ಟೆಲೆಸಿಯಸ್ ಮೂಗೆಳೆದು ಅತ್ತ. ಹೊರಗೆ ಜನ ಗೊಳೋ ಎನ್ನುತ್ತಿದ್ದರು. ಕವಿ ನನ್ನ ಕಿವಿಯಲ್ಲಿ “ಬಹುಮಾನ ನಮ್ದೇ ಕಣಯ್ಯಾ!” ಎಂದ. ಕೆಂಪು ನೀರು ಎರಚಿದೆವು, ಬಾಗಿಲು ತೆಗೆದು ಹಲಗೆ ತಳ್ಳಿದೆವು.

ಗಂಜಿ ಅಂಟಿನ ಪ್ರತಾಪ ಅಷ್ಟು ಹೊತ್ತಿಗೇ ಶುರುವಾಗಿತ್ತು. ಬಿಸಿಲಿಗೆ ರಾಜನ ಗಡ್ಡ ಕಿತ್ತು ಒಂದೇ ಕಿವಿಯಿಂದ ನೇತಾಡುತ್ತಿತ್ತು. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಅವನು “ರಾಣೀ, ನೋಡು ನನ್ನ ಸೇಡು!” ಎಂದು ಗುಡುಗಿದ. ಆದರೂ ಯಾರೂ ನಗಲಿಲ್ಲ. ಎಲ್ಲರ ಕಣ್ಣು ಆ ಎರಡು ಪುಟ್ಟ ಹೆಣಗಳ ಮೇಲಿತ್ತು.

ಆಗ ನನ್ನ ಕಾಲಿನ ಸಂದಿಯಿಂದ ಏನೋ ನುಗ್ಗಿತು. ಹಿಡಿಯುವುದರೊಳಗೆ ಸ್ಮಿಕ್ರ, ಮೈಮೇಲೆ ನೂಲೆಳೆಯಿಲ್ಲದೆ, ಇಡೀ ಅಥೆನ್ಸಿನ ಎದುರು ನಿಂತಿದ್ದ. ಗೊಂಬೆಯ ಅಂಗಿ ಹಿಡಿದು ಎಳೆಯುತ್ತ ಕೂಗಿದ: “ಇದು ನಮ್ಮಮ್ಮ ನೇಯ್ದಿದ್ದು! ಕೊಳೆ ಮಾಡ್ಬಿಟ್ರಲ್ಲೋ! ಅಮ್ಮ ಬಂದ್ರೆ ಬೈತಾಳೆ!”

ರಾಜ ಕೈಯಲ್ಲಿದ್ದ ಗಡ್ಡವನ್ನು ಕೆಳಗೆ ಬಿಟ್ಟ. ಮೇಳದ ಮುದುಕಿಯೊಬ್ಬಳು ಗಂಡು ದನಿಯಲ್ಲಿ “ಅಯ್ಯಯ್ಯೋ” ಎಂದಳು.

ನಮ್ಮ ರಂಗದಲ್ಲಿ ಕೆಳಗೆ ಕಡ್ಡಿ ಮುರಿದರೂ ಗುಡ್ಡದ ತುದಿಗೆ ಕೇಳುತ್ತದೆ ಎಂದು ಹೆಮ್ಮೆಪಡುತ್ತಾರೆ. ತುದಿಯಿಂದ ಕೆಳಕ್ಕೆ ಕೇಳಿದ್ದು ಮಾತ್ರ ಅವತ್ತೇ ಮೊದಲು. ನಿಮ್ಮ ಮಗಳ ಗಂಟಲು ನಿಮಗೆ ಗೊತ್ತೇ ಇದೆ. ಆಲಿವ್ ಮರದ ಕಡೆಯಿಂದ ಬಂತು:

“ಬೈಯಲ್ಲ ಕಣೋ ಕಂದಾ! ಅಲ್ಲೇ ಇರು, ಬಂದೆ!”

ಸೊಂಟದ ಮೇಲೆ ಗಡಿಗೆ ಇಟ್ಟುಕೊಂಡು, ಜನರ ಹೆಗಲು, ತೊಡೆ, ಬುತ್ತಿ ಗಂಟು ಏನನ್ನೂ ನೋಡದೆ ಅವಳು ಇಳಿದು ಬಂದಳು. ಜನ ದಾರಿ ಬಿಟ್ಟರು. ನಗು ಮೇಲಿನ ಸಾಲಿನಿಂದ ಅವಳ ಹಿಂದೆಯೇ ಇಳಿಯಿತು. ಕೆಳಗೆ ಬರುವಷ್ಟರಲ್ಲಿ ಇಡೀ ಗುಡ್ಡ ನಗುತ್ತಿತ್ತು, ಅಳುತ್ತಲೂ ಇತ್ತು. ಅರ್ಖಿಪ್ಪನೂ ಹೊರಗೆ ಓಡಿದ, ಅವನು ದೊಡ್ಡವನಾದ್ದರಿಂದ ಮುಂದೆ ಒಂದು ಮುಖವಾಡ ಅಡ್ಡ ಹಿಡಿದುಕೊಂಡು. ನಾನೂ ಹೋದೆ. ನನ್ನನ್ನು ನೋಡಿ ಅವಳು ಹೇಳಿದ ಮೊದಲ ಮಾತು, “ತಗೊಳ್ಳಿ, ರಾಜನ ಗಡ್ಡ ಅಂಟಿಸಿ.” ನಾನು ಹ್ಞೂಂ ಎಂದೆ. ಎರಡೂ ಕೈ ಚಾಚಿ ಗಡಿಗೆ ತೆಗೆದುಕೊಂಡೆ.

ಮೂವರು ಕವಿಗಳಲ್ಲಿ ಪೊಲಿಯುಕ್ತನಿಗೆ ಮೂರನೆಯ ಸ್ಥಾನ. ಅವನು ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಆದರೆ ಮುಂದಿನ ಸಾಲಿನಲ್ಲಿ ಕೂತಿದ್ದ ಹಲ್ಲಿಲ್ಲದ ಮುದುಕರೊಬ್ಬರು ಕೋಲೂರಿಕೊಂಡು ಅವನ ಹತ್ತಿರ ಬಂದು, “ಅರವತ್ತು ವರ್ಷದಿಂದ ನೋಡ್ತಿದೀನಪ್ಪಾ. ಅಪ್ಪ ಅಮ್ಮನ ಜಗಳಕ್ಕೆ ಎಷ್ಟು ಮಕ್ಕಳನ್ನ ಈ ಹಲಗೆ ಮೇಲೆ ತಳ್ಕೊಂಡು ಬಂದ್ರು! ಒಂದಾದ್ರೂ ಎದ್ದು ಬಂದು ನನ್ನ ಅಂಗಿ ಕೊಡಿ ಅಂತ ಕೇಳಿದ್ದು ಇದೇ ಮೊದ್ಲು. ಇನ್ನು ಸುಖವಾಗಿ ಸಾಯ್ತೀನಿ” ಎಂದರು. ಇದಕ್ಕೂ ಕವಿ ಆಕಾಶ ನೋಡಿದ.

ನಾದಿನಿಗೆ ಹೇಳಿ: ಮದುವೆ ಬಟ್ಟೆಗೆ ಬದಲು ಬಟ್ಟೆ ಕೊಡುವುದು ನನ್ನ ಹೊಣೆ. ಅತ್ತೆಯವರು ದಡದಲ್ಲಿ ಈ ಕಥೆ ಹೇಳುವಾಗ ಮುಂದಿನ ಭಾಗವನ್ನೂ ಸೇರಿಸಿ ಹೇಳಿದರೆ ಉಪಕಾರವಾಗುತ್ತದೆ.

ನಿಮ್ಮ ಅಳಿಯ,
ಮೀಕಿಯೋನ್

ಅಪ್ಪಾ, ಕೆಳಗೆ ಬರೆಯುತ್ತಿರುವವಳು ನಾನು, ಮೆಲಿತ್ತ. ಇವರು ಬರೆದದ್ದೆಲ್ಲ ನಿಜ, ಒಂದನ್ನು ಬಿಟ್ಟಿದ್ದಾರೆ. ಹತ್ತಿರ ಹೋಗಿ ಆ ಗೊಂಬೆಗಳ ಮುಖ ನೋಡಿದೆ. ಸತ್ತ ಮುಖಗಳಲ್ಲ ಅಪ್ಪಾ. ಉಂಡು ಮಲಗಿದ ಮುಖಗಳು. ಎಡಗೆನ್ನೆಯಲ್ಲಿ ಗುಳಿಯೂ ಇತ್ತು. ಕೊಲ್ಲಲು ಇವರ ಕೈಲಾಗಲಿಲ್ಲ. ಅದನ್ನು ನೋಡಿದ ಮೇಲೆ ನನ್ನ ಸಿಟ್ಟು ಎಲ್ಲಿಗೆ ಹೋಯಿತೋ, ಹುಡುಕಲೂ ಇಲ್ಲ.

ಮಗ್ಗದ ಗುಂಡುಗಳನ್ನು ನಾಳೆಯ ದೋಣಿಗೇ ಕಳಿಸು. ಕೆಂಪು ಮಣ್ಣಿನ ಕಲೆ ಎಷ್ಟು ಒಗೆದರೂ ಹೋಗುತ್ತಿಲ್ಲ, ಹೊಸ ಅಂಗಿ ನೇಯಬೇಕು. ಎರಡು ಸಾಕು ಎಂದಿದ್ದೆ. ಸ್ಮಿಕ್ರ ಕೇಳುತ್ತಿಲ್ಲ. ಗೊಂಬೆಗಳನ್ನು ಹೊತ್ತು ತಂದು ತನ್ನ ಹಾಸಿಗೆಯಲ್ಲಿ ಮಲಗಿಸಿಕೊಂಡಿದ್ದಾನೆ. “ಅವ್ರಪ್ಪ ಅವ್ರನ್ನ ಕೊಂದ್ಬಿಟ್ಟ ಅಲ್ವಾ ಅಮ್ಮಾ, ಅವ್ರಿಗೆ ಮನೆ ಇಲ್ಲ. ನಮ್ಮನೇಲೇ ಇರ್ಲಿ” ಎನ್ನುತ್ತಾನೆ.

ಆದ್ದರಿಂದ ನಾಲ್ಕು ಅಂಗಿ. ಗುಂಡು ಒಂದನ್ನೂ ಬಿಡದೆ ಕಳಿಸು.